ತೊಳೆದ ಮೇಲೂ ಉಳಿಯುವ ಡಿಎನ್‌ಎ: ದಾನದ ಮೂಳೆ, ಚರ್ಮ, ಪೊರೆಗಳ ಲೆಕ್ಕ

ಕಾರವಾರದಿಂದ ಭಟ್ಕಳದವರೆಗೆ ಯಾವ ಮೀನುಗಾರರ ಕೇರಿಗೆ ಹೋದರೂ ಕಣ್ಣಿನಲ್ಲಿ ಮಾಂಸ ಬೆಳೆದವರು ಒಬ್ಬರಾದರೂ ಸಿಗುತ್ತಾರೆ. ವರ್ಷಗಟ್ಟಲೆ ಬಿಸಿಲು, ನೀರಿನ ಮೇಲಿನ ಪ್ರತಿಬಿಂಬ, ಉಪ್ಪುಗಾಳಿ ಇವೆಲ್ಲ ಸೇರಿ ಕಣ್ಣಿನ ಬಿಳಿಭಾಗದ ಪೊರೆ ನಿಧಾನಕ್ಕೆ ಕಪ್ಪುಗುಡ್ಡೆಯ ಮೇಲೆ ಹಬ್ಬುತ್ತದೆ. ಡಾಕ್ಟರುಗಳು ಇದಕ್ಕೆ ಟೆರಿಜಿಯಂ ಎನ್ನುತ್ತಾರೆ. ಮಾಂಸ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ರೋಗಿಯ ಕಣ್ಣಿನದೇ ಸ್ವಲ್ಪ ಪೊರೆ ತಂದು ಹಚ್ಚುತ್ತಾರೆ. ಅದು ಸಾಲದೇ ಹೋದರೆ ಇನ್ನೊಂದು ದಾರಿಯಿದೆ. ಹೆರಿಗೆಯಾದಾಗ ಮಾಸಿನ ಜೊತೆ ಹೊರಬರುವ ತೆಳು ಪೊರೆ. ತಾಯಿಯ ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿ, ಸಂಸ್ಕರಿಸಿ ಇಟ್ಟಿರುವಂಥದ್ದು.

ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಲೆಕ್ಕ ಬೇರೆ. ಅಡಿಕೆ ಮರದಿಂದ ಬಿದ್ದ ಕೊನೆಗೌಡರ ಮುರಿದ ಮೂಳೆ ಕೂಡದೆ ನಡುವೆ ಸಂದಿ ಉಳಿದರೆ ಅಲ್ಲಿಗೆ ಮೂಳೆ ತುಂಬಬೇಕಾಗುತ್ತದೆ. ಸೊಂಟದಿಂದ ತೆಗೆದ ಸ್ವಂತ ಮೂಳೆಯೇ ಉತ್ತಮ, ಆದರೆ ಅದು ಜಾಸ್ತಿ ಸಿಗುವುದಿಲ್ಲ. ಆಗ ದಾನಿಯ ಮೂಳೆ ಬರುತ್ತದೆ. ಹಲ್ಲಿನ ಕ್ಲಿನಿಕ್‌ಗಳಲ್ಲಂತೂ ಚಿಕ್ಕ ಬಾಟಲಿಯ ಮೂಳೆ ಪುಡಿ ಈಗ ಮಾಮೂಲು.

ಇಂಥ ಆಪರೇಷನ್ನಿನ ಮಾತು ಬಂದಾಗ ನಮ್ಮ ಕಡೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಯಾರದ್ದೋ ಏನೋ, ಅವರ ಡಿಎನ್‌ಎ ನಮ್ಮೊಳಗೆ ಬಂದುಬಿಡ್ತದಾ? ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಜಾತಿ, ಗುಣ, ಚಟದವರೆಗೂ ಕೇಳುತ್ತಾರೆ. ನಗಬೇಕಾಗಿಲ್ಲ. ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ "ಹೌದು" ಅಂತಲೇ. ಸಂಸ್ಕರಿಸಿದ ದಾನದ ಅಂಗಾಂಶದಲ್ಲಿ ಸ್ವಲ್ಪ ಡಿಎನ್‌ಎ ಉಳಿಯುತ್ತದೆ, ಅದು ರೋಗಿಯ ದೇಹಕ್ಕೂ ಹೋಗುತ್ತದೆ. ಹೋಗಿ ಏನು ಮಾಡುತ್ತದೆ ಎನ್ನುವಲ್ಲಿ ಮಾತ್ರ ಜನರ ಭಯಕ್ಕೂ ವಿಜ್ಞಾನದ ಚಿಂತೆಗೂ ಸಂಬಂಧವೇ ಇಲ್ಲ.

ಮೊದಲು ತೊಳೆಯುವ ಕೆಲಸ ನೋಡೋಣ. ನಮ್ಮ ಚರ್ಮವಾಗಲಿ ಹೃದಯದ ಕವಾಟವಾಗಲಿ ಎರಡು ಭಾಗಗಳಿಂದ ಆಗಿದೆ. ಒಂದು ಜೀವಕೋಶ. ಇನ್ನೊಂದು ಆ ಕೋಶಗಳು ತಮ್ಮ ಸುತ್ತ ನೇಯ್ದುಕೊಂಡ ನಾರಿನ ಬಲೆ, ಮುಖ್ಯವಾಗಿ ಕೊಲಾಜೆನ್. ತುಪ್ಪದ ಹೀರೆ ಬಲಿತು ಒಣಗಿದ ಮೇಲೆ ತಿರುಳು, ಬೀಜ ತೆಗೆದು ಮೈ ಉಜ್ಜಲು ಇಟ್ಟುಕೊಳ್ಳುವ ನಾರು ಗೊತ್ತಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಕೋಶಗಳನ್ನು ತೆಗೆದು ಬಲೆ ಉಳಿಸಿಕೊಳ್ಳುವುದು. ರೋಗಿಯ ಸ್ವಂತ ಕೋಶಗಳು ಆ ಬಲೆಯೊಳಗೆ ಬಂದು ನೆಲೆಸಿ, ಕ್ರಮೇಣ ಅದನ್ನು ತಮ್ಮದಾಗಿ ಮಾಡಿಕೊಳ್ಳುತ್ತವೆ. ಕೊಲಾಜೆನ್ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಅಷ್ಟೇನೂ ಬೇರೆಯಲ್ಲ, ಹಾಗಾಗಿ ದೇಹ ತಕರಾರು ತೆಗೆಯುವುದು ಕಡಿಮೆ. ತಕರಾರು ಬರುವುದು ಕೋಶಗಳ ಮೇಲೆ.

ತೆಗೆಯುವುದು ಹೇಗೆ? ಹೆಪ್ಪುಗಟ್ಟಿಸಿ ಕರಗಿಸುವುದರಿಂದ ಕೋಶ ಒಡೆಯುತ್ತದೆ. ಗಾಢ ಉಪ್ಪುನೀರು ಅದರ ನೀರನ್ನು ಎಳೆದು ಸಡಿಲ ಮಾಡುತ್ತದೆ. ಆಮೇಲೆ ಡಿಟರ್ಜೆಂಟ್. ಇದು ಮನೆಯ ಸೋಪಿನ ಪುಡಿಯಲ್ಲ, ಆದರೆ ಕೆಲಸ ಅದೇ ಜಾತಿಯದು, ಕೋಶದ ಕೊಬ್ಬಿನ ಗೋಡೆ ಕರಗಿಸುವುದು. ಡಿಎನ್‌ಎ ಕತ್ತರಿಸಲು ಡಿಎನ್‌ಏಸ್ ಎಂಬ ಕಿಣ್ವ. ಕೊನೆಗೆ ತೊಳೆತ, ಮತ್ತೆ ತೊಳೆತ.

ಕೋಶ ಒಡೆದಾಗ ಡಿಎನ್‌ಎ ಹೊರಗೆ ಚೆಲ್ಲುತ್ತದೆ. ಅದು ಉದ್ದನೆಯ ಅಂಟು ದಾರ. ಸುತ್ತಲಿನ ನಾರಿಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಕಿತ್ತು ಹಾಕಲು ಡಿಟರ್ಜೆಂಟ್ ಗಟ್ಟಿ ಮಾಡಿದರೆ ನಾರೇ ಸಡಿಲವಾಗುತ್ತದೆ, ಕೋಶಗಳನ್ನು ಕರೆಯುವ ಸಕ್ಕರೆ ಅಣುಗಳು, ಬೆಳವಣಿಗೆಯ ಪ್ರೋಟೀನುಗಳು ತೊಳೆದು ಹೋಗುತ್ತವೆ. ಡಿಟರ್ಜೆಂಟ್ ಒಳಗೇ ಉಳಿದುಬಿಟ್ಟರೆ ಅದೇ ವಿಷ. ಹೀಗಾಗಿ ಈ ಕೆಲಸ ಮಾಡುವವರು "ಸೊನ್ನೆ ಡಿಎನ್‌ಎ" ಎಂಬ ಗುರಿ ಇಟ್ಟುಕೊಳ್ಳುವುದಿಲ್ಲ. ಎಷ್ಟು ಉಳಿದರೆ ನಡೆಯುತ್ತದೆ ಎಂಬ ಪ್ರಶ್ನೆಯನ್ನೇ ಕೇಳುತ್ತಾರೆ.

ಈ ಪ್ರಶ್ನೆಗೆ ಎಲ್ಲರೂ ಹೇಳುವ ಉತ್ತರ ಒಂದಿದೆ. 2011ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸ್ಟೀಫನ್ ಬಡಿಲಾಕ್ ಮತ್ತು ಜೊತೆಗಾರರು ಬರೆದ ವಿಮರ್ಶಾ ಲೇಖನದಲ್ಲಿ ಮೂರು ಅಳತೆಗಳನ್ನು ಮುಂದಿಟ್ಟರು. ಒಣ ತೂಕದ ಪ್ರತಿ ಮಿಲಿಗ್ರಾಂ ಅಂಗಾಂಶಕ್ಕೆ 50 ನ್ಯಾನೋಗ್ರಾಂಗಿಂತ (ಒಂದು ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಭಾಗ) ಕಡಿಮೆ ಡಿಎನ್‌ಎ ಇರಬೇಕು. ಉಳಿದ ತುಂಡುಗಳು 200 ಅಕ್ಷರಜೋಡಿಗಿಂತ (ಡಿಎನ್‌ಎ ದಾರದ ಉದ್ದ ಎಣಿಸುವ ಅಳತೆ) ಚಿಕ್ಕದಾಗಿರಬೇಕು. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಡಿಎನ್‌ಎ ಇರುವ ಕೋಶದ ಕೇಂದ್ರ ಕಾಣಬಾರದು. ಅಂದಿನಿಂದ ಇಂದಿನವರೆಗೆ ಈ ವಿಷಯದ ಪ್ರಬಂಧಗಳಲ್ಲಿ 50 ನ್ಯಾನೋಗ್ರಾಂ ಮಂತ್ರದಂತೆ ಬರುತ್ತದೆ.

50 ಎಂದರೆ ಎಷ್ಟು? ಮನುಷ್ಯನ ಒಂದು ಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ (ಪಿಕೋಗ್ರಾಂ ಎಂದರೆ ನ್ಯಾನೋಗ್ರಾಂನ ಸಾವಿರದಲ್ಲೊಂದು ಭಾಗ) ಡಿಎನ್‌ಎ ಇರುತ್ತದೆ. ಲೆಕ್ಕ ಹಾಕಿದರೆ 50 ನ್ಯಾನೋಗ್ರಾಂ ಅಂದರೆ ಸುಮಾರು 7,500 ಕೋಶಗಳದ್ದು. ಒಂದೇ ಮಿಲಿಗ್ರಾಂ ಅಂಗಾಂಶದಲ್ಲಿ! ಕೇಳಿದಾಗ ಬಹಳ ಅನ್ನಿಸುತ್ತದೆ. ತೊಳೆಯುವ ಮೊದಲು ಅಷ್ಟೇ ತೂಕದಲ್ಲಿ ಸಾವಿರಗಟ್ಟಲೆ ನ್ಯಾನೋಗ್ರಾಂ ಇದ್ದಿರುತ್ತದೆ ಎಂದು ಗೊತ್ತಾದರೆ ಅಷ್ಟು ಅನ್ನಿಸುವುದಿಲ್ಲ. ಆದರೂ 50 ಎಂಬುದು ಆಕಾಶದಿಂದ ಇಳಿದ ಗೆರೆಯಲ್ಲ. ಆ ಮಟ್ಟಕ್ಕೆ ತೊಳೆದ ಅಂಗಾಂಶಗಳು ಪ್ರಾಣಿಗಳಲ್ಲಿ, ರೋಗಿಗಳಲ್ಲಿ ಚೆನ್ನಾಗಿ ನಡೆದುಕೊಂಡಿದ್ದವು, ಅದಕ್ಕೆ ಅಲ್ಲಿ ಗೆರೆ ಎಳೆದರು. 49 ಸುರಕ್ಷಿತ, 51 ಅಪಾಯ ಎಂದು ಯಾರೂ ಸಾಬೀತು ಮಾಡಿಲ್ಲ. ಅದೊಂದು ಅನುಭವದ ಗೆರೆ, ಕಾನೂನಿನ ಗೆರೆಯಲ್ಲ. ಇದನ್ನು ಮರೆತು ಬರೆಯುವವರು ಜಾಸ್ತಿಯಾಗಿದ್ದಾರೆ.

ಮೂಳೆಯ ವಿಷಯ ಸ್ವಲ್ಪ ಬೇರೆ, ಅದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿ ಸೇರಿದ್ದ ಲಾರಿಯೊಂದು, ಒಳಗಿದ್ದ ದೇಹದ ಅವಶೇಷದೊಂದಿಗೆ, ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳಿಗೂ ಹೆಚ್ಚು ಕಾಲ ನೀರು, ಕೆಸರಿನಡಿ ಇದ್ದ ಅವಶೇಷ ಯಾರದ್ದೆಂದು ಖಚಿತವಾದದ್ದು ಡಿಎನ್‌ಎ ಪರೀಕ್ಷೆಯಿಂದ. ಸಾವಿನ ನಂತರ ಇಷ್ಟು ದಿನ, ಅದೂ ಮಳೆಗಾಲದ ಹೊಳೆಯಲ್ಲಿ, ಡಿಎನ್‌ಎ ತಾಳಿಕೊಂಡಿತು. ಮೂಳೆಯಲ್ಲಿ ಇದು ಇನ್ನೂ ಗಟ್ಟಿ, ಯಾಕೆಂದರೆ ಅಲ್ಲಿನ ಕ್ಯಾಲ್ಸಿಯಂ ಹರಳು ಡಿಎನ್‌ಎಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಯಾಂಡರ್ತಾಲ್ ಎಂಬ ಅಳಿದುಹೋದ ಮಾನವ ಬಗೆಯ ಹತ್ತಾರು ಸಾವಿರ ವರ್ಷ ಹಳೆಯ ಮೂಳೆಗಳಿಂದ ಡಿಎನ್‌ಎ ಓದಿದ್ದಕ್ಕೇ ವಿಜ್ಞಾನಿ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಹಾಗಿದ್ದ ಮೇಲೆ ಅಂಗಾಂಶ ಬ್ಯಾಂಕಿನಲ್ಲಿ ಕೊಬ್ಬು ತೆಗೆದು, ತೊಳೆದು, ಒಣಗಿಸಿ ಇಟ್ಟ ದಾನದ ಮೂಳೆಯಲ್ಲಿ ದಾನಿಯ ಡಿಎನ್‌ಎ ಉಳಿದಿರುವುದರಲ್ಲಿ ಆಶ್ಚರ್ಯವೇನಿದೆ?

ಪೂರ್ತಿ ಹೋಗಬೇಕೆಂದರೆ ಸುಡಬೇಕು. ಹಲ್ಲಿನವರು ಬಳಸುವ ದನದ ಮೂಳೆಯ ಕೆಲವು ಪುಡಿಗಳನ್ನು 1,000 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಟ್ಟಿರುತ್ತಾರೆ. ಅದರಲ್ಲಿ ಉಳಿಯುವುದು ಖನಿಜ ಮಾತ್ರ. ಡಿಎನ್‌ಎ ಇಲ್ಲ, ಕೊಲಾಜೆನ್ ಕೂಡ ಇಲ್ಲ.

ಗಾಮಾ ಕಿರಣ ಹಾಯಿಸಿದರೆ ಸಾಲದೇ ಅಂತ ಕೇಳಬಹುದು. ಸಾಮಾನ್ಯವಾಗಿ 25 ಕಿಲೋಗ್ರೇ (ವಿಕಿರಣದ ಅಳತೆ) ಪ್ರಮಾಣ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಚೂರು ಮಾಡಿ ಕೊಲ್ಲುತ್ತದೆ, ದಾನಿಯ ಡಿಎನ್‌ಎಯನ್ನೂ ಚೂರು ಮಾಡುತ್ತದೆ. ಆದರೆ ಚೂರು ಅಲ್ಲೇ ಇರುತ್ತದೆ. ತೂಕ ಕಡಿಮೆಯಾಗುವುದಿಲ್ಲ, ಉದ್ದ ಮಾತ್ರ ಕಡಿಮೆಯಾಗುತ್ತದೆ. ರೇಡಿಯೇಷನ್ ಅಂದ ಕೂಡಲೇ ನಮ್ಮಲ್ಲಿ ಕೈಗಾ ನೆನಪಾಗಿ ಬೇರೆ ಭಯ ಹುಟ್ಟುತ್ತದೆ, ಆದ್ದರಿಂದ ಹೇಳಿಬಿಡುತ್ತೇನೆ: ಗಾಮಾ ಹಾಯಿಸಿದ ಅಂಗಾಂಶ ತಾನು ವಿಕಿರಣ ಸೂಸುವುದಿಲ್ಲ.

ಈಗ ಆ ಹಳೆಯ ಪ್ರಶ್ನೆ. ಇವರ ಡಿಎನ್‌ಎ ನಮ್ಮ ಡಿಎನ್‌ಎ ಜೊತೆ ಸೇರಿಕೊಂಡರೆ?

ಮನುಷ್ಯನ ಡಿಎನ್‌ಎ ಪುಸ್ತಕದಲ್ಲಿ 300 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಒಂದು ಜೀನ್ ಸಾಮಾನ್ಯವಾಗಿ ಸಾವಿರಾರು ಅಕ್ಷರಗಳಷ್ಟು ಉದ್ದ. 200 ಅಕ್ಷರದ ತುಂಡಿನಲ್ಲಿ ಪೂರ್ತಿ ಜೀನ್ ಇರುವುದಿಲ್ಲ, ಅದನ್ನು ಶುರು ಮಾಡುವ ಗುಂಡಿಯೂ ಇರುವುದಿಲ್ಲ. ಆ ತುಂಡು ಕೋಶದ ಗೋಡೆ ದಾಟಬೇಕು, ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಸೇರಿಕೊಳ್ಳಬೇಕು. ಅಷ್ಟರೊಳಗೆ ನಮ್ಮ ರಕ್ತದಲ್ಲೇ ಇರುವ ಡಿಎನ್‌ಏಸ್ ಅದನ್ನು ಕಡಿದುಹಾಕಿರುತ್ತದೆ. ನಮ್ಮ ಸತ್ತ ಕೋಶಗಳಿಂದಲೇ ದಿನವೂ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತಿರುತ್ತವೆ, ದೇಹ ಅವನ್ನು ಸದ್ದಿಲ್ಲದೆ ವಿಲೇವಾರಿ ಮಾಡುತ್ತಿರುತ್ತದೆ. ಊಟದಲ್ಲಿ ಬಂಗುಡೆಯ ಡಿಎನ್‌ಎ, ಕುಚಲಕ್ಕಿಯ ಡಿಎನ್‌ಎ ಇದ್ದೇ ಇರುತ್ತದೆ ಅಲ್ವಾ?

ಇನ್ನೂ ಸೋಜಿಗದ ಸಂಗತಿ ಇದೆ. ಬಸುರಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಓಡಾಡುತ್ತದೆ. ಹೆತ್ತ ಎಷ್ಟೋ ವರ್ಷಗಳ ನಂತರವೂ ತಾಯಿಯ ದೇಹದಲ್ಲಿ ಮಗುವಿನ ಜೀವಂತ ಕೋಶಗಳು ಉಳಿದಿರುತ್ತವೆ. ಗಂಡುಮಗು ಹುಟ್ಟಿ 27 ವರ್ಷವಾದ ತಾಯಿಯ ರಕ್ತದಲ್ಲಿ ಗಂಡು ಕೋಶ ಸಿಕ್ಕಿದ್ದನ್ನು 1996ರಲ್ಲೇ ವರದಿ ಮಾಡಿದ್ದಾರೆ. ಯಾವ ತಾಯಿಯೂ ಇದರಿಂದ ಗಂಡಸಾಗಲಿಲ್ಲ. ಬೇರೆಯವರ ಡಿಎನ್‌ಎ ಮೈಯಲ್ಲಿರುವುದು ನಾವು ಅಂದುಕೊಂಡಷ್ಟು ಅಪರೂಪವಲ್ಲ, ಅಷ್ಟು ಭಯಂಕರವೂ ಅಲ್ಲ.

ಹಾಗಾದರೆ ವಿಜ್ಞಾನಿಗಳು ಯಾಕೆ ತಲೆಕೆಡಿಸಿಕೊಂಡರು? ಉರಿಯೂತಕ್ಕಾಗಿ.

ಡಿಎನ್‌ಎ ಕೋಶದ ಕೇಂದ್ರದೊಳಗೆ ಇರಬೇಕಾದ ವಸ್ತು. ಹೊರಗೆ ರಾಶಿ ಬಿದ್ದಿದ್ದರೆ ನಮ್ಮ ರಕ್ಷಣಾ ವ್ಯವಸ್ಥೆಗೆ ಅದು ಅಪಘಾತದ ಗುರುತು. ಇಲ್ಲೇನೋ ಸತ್ತಿದೆ, ಇಲ್ಲವೇ ರೋಗಾಣು ನುಗ್ಗಿದೆ ಎಂದು ಅದು ಓದಿಕೊಳ್ಳುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ ಇದ್ದರಂತೂ ಗಲಾಟೆ ಇನ್ನೂ ಜಾಸ್ತಿ. ಮೈಟೊಕಾಂಡ್ರಿಯ ಬಹಳ ಹಿಂದೆ ಬ್ಯಾಕ್ಟೀರಿಯಾ ಆಗಿದ್ದದ್ದು, ಅದರ ಡಿಎನ್‌ಎಯಲ್ಲಿ ಆ ಗುರುತು ಈಗಲೂ ಇದೆ. ಮ್ಯಾಕ್ರೋಫೇಜ್ ಎಂಬ ಕೋಶಗಳು ಕಸಿಯ ಜಾಗಕ್ಕೆ ಮೊದಲು ಬರುತ್ತವೆ. ಬಲೆ ಸ್ವಚ್ಛವಾಗಿದ್ದರೆ ಅವು ರಿಪೇರಿ ಕೆಲಸಕ್ಕೆ ಇಳಿಯುತ್ತವೆ. ಕೋಶದ ಕಸ ಬಹಳ ಉಳಿದಿದ್ದರೆ ಜಗಳಕ್ಕೆ ನಿಲ್ಲುತ್ತವೆ. ಆಗ ಕಸಿ ಬೆರೆಯುವ ಬದಲು ಗಾಯದ ಕಲೆಯಾಗುತ್ತದೆ, ಊದಿಕೊಳ್ಳುತ್ತದೆ, ಕರಗಿ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಸ ಎಂದರೆ ಡಿಎನ್‌ಎ ಒಂದೇ ಅಲ್ಲ. ಕೋಶದ ಗೋಡೆಯ ಚೂರು, ಪ್ರೋಟೀನು, ಕೊಬ್ಬು ಎಲ್ಲವೂ ಇರುತ್ತವೆ. ಇವುಗಳಲ್ಲಿ ಅಳೆಯಲು ಸುಲಭವಾದದ್ದು ಡಿಎನ್‌ಎ. ಅದಕ್ಕೇ ಅದನ್ನು ಅಳೆಯುತ್ತಾರೆ. ಉಳಿದ ಡಿಎನ್‌ಎ ಎಷ್ಟು ಎಂಬ ಅಂಕಿ ತೊಳೆತ ಎಷ್ಟು ಚೆನ್ನಾಗಿತ್ತು ಎಂಬುದರ ಅಂದಾಜು. ಅಪಾಯದ ಅಳತೆ ಅಲ್ಲ. ಈ ಒಂದು ಮಾತು ಅರ್ಥವಾದರೆ ಈ ವಿಷಯದ ಅರ್ಧ ಗೊಂದಲ ಹೋಗುತ್ತದೆ ಎಂಬುದು ನನ್ನ ಲೆಕ್ಕ.

ತೊಳೆತ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳಿವೆ. ಭುಜದ ಸ್ನಾಯು ಹರಿದವರಿಗೆ ಹೊಲಿಯುತ್ತಿದ್ದ ಹಂದಿ ಕರುಳಿನ ಪಟ್ಟಿಯೊಂದಿತ್ತು. ಅದರಲ್ಲಿ ಕೋಶಗಳಿಲ್ಲ ಎಂದೇ ನಂಬಿದ್ದರು. ಕೆಲವು ರೋಗಿಗಳಿಗೆ ಸೋಂಕಿಲ್ಲದೆಯೂ ಭುಜ ಊದಿಕೊಂಡಿತು. 2005ರಲ್ಲಿ ಸಂಶೋಧಕರು ಪಟ್ಟಿಯನ್ನೇ ಪರೀಕ್ಷಿಸಿದಾಗ ಅದರಲ್ಲಿ ಹಂದಿಯ ಕೋಶದ ಅವಶೇಷ, ಹಂದಿಯ ಡಿಎನ್‌ಎ ಎರಡೂ ಸಿಕ್ಕವು. 2009ರಲ್ಲಿ ಪಿಟ್ಸ್‌ಬರ್ಗ್‌ನವರು ಮಾರುಕಟ್ಟೆಯ ಹಲವು ಉತ್ಪನ್ನಗಳನ್ನು ತೆಗೆದುಕೊಂಡು ನೋಡಿದರು. ಹೆಚ್ಚಿನವುಗಳಲ್ಲಿ ಅಳೆಯುವಷ್ಟು ಡಿಎನ್‌ಎ ಇತ್ತು, ಆದರೆ ಬಹುಪಾಲು ಚಿಕ್ಕ ಚೂರುಗಳಾಗಿತ್ತು. ಅವುಗಳಲ್ಲಿ ಹಲವು ಉತ್ಪನ್ನಗಳು ರೋಗಿಗಳಲ್ಲಿ ತೊಂದರೆ ಮಾಡದೆ ಕೆಲಸ ಮಾಡುತ್ತಲೇ ಇದ್ದವು.

ಎರಡನೆಯದು ಮನಸ್ಸಿಗೆ ಭಾರ. ವಿಯೆನ್ನಾದ ವೈದ್ಯರು ತೊಳೆದ ಹಂದಿ ಹೃದಯದ ಕವಾಟವನ್ನು ನಾಲ್ಕು ಮಕ್ಕಳಿಗೆ ಹಾಕಿದರು. ಮೂವರು ಒಂದು ವರ್ಷದೊಳಗೆ ತೀರಿಕೊಂಡರು. ನಾಲ್ಕನೆಯ ಮಗುವಿನ ಕವಾಟವನ್ನು ಕೆಡುವ ಮೊದಲೇ ತೆಗೆದರು. 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹಾಕದೇ ಉಳಿದಿದ್ದ ಕವಾಟದ ತುಂಡಿನಲ್ಲೇ ಕೋಶಗಳು ಪೂರ್ತಿ ಹೋಗಿರಲಿಲ್ಲ. ಇದನ್ನು ಡಿಎನ್‌ಎ ಮಾಡಿದ ಅನಾಹುತ ಎನ್ನುವುದು ತಪ್ಪು. ಪ್ರಾಣಿ ಅಂಗಾಂಶದಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಇರುತ್ತದೆ, ಮನುಷ್ಯನಲ್ಲಿ ಇಲ್ಲ, ಅದರ ವಿರುದ್ಧದ ಪ್ರತಿಕಾಯ ನಮ್ಮ ರಕ್ತದಲ್ಲಿ ಮೊದಲೇ ತಯಾರಿರುತ್ತದೆ. ಡಿಎನ್‌ಎ ಅಳೆದರೆ ಈ ಸಕ್ಕರೆ ಕಾಣುವುದಿಲ್ಲ. ಮುಂದೆ ಮನುಷ್ಯ ದಾನಿಗಳ ಕವಾಟವನ್ನು ಇದೇ ರೀತಿ ತೊಳೆದು ಹಾಕಿದಾಗ ಫಲಿತಾಂಶ ಬಹಳ ಚೆನ್ನಾಗಿ ಬಂತು, 2008ರಲ್ಲಿ ಅಮೆರಿಕದಲ್ಲಿ ಅಂಥದ್ದೊಂದಕ್ಕೆ ಅನುಮತಿಯೂ ಸಿಕ್ಕಿತು.

ಇದರ ಎದುರಿಗೆ ನಮ್ಮ ಮೀನುಗಾರರ ಕಣ್ಣಿನ ಪೊರೆ ಇಟ್ಟು ನೋಡಿ. ಕಣ್ಣಿಗೆ ಬಳಸುವ ಮಾಸಿನ ಪೊರೆಯಿಂದ ಅನೇಕ ಕಡೆ ಕೋಶಗಳನ್ನು ತೆಗೆಯುವುದೇ ಇಲ್ಲ. ತೊಳೆದು, ಹೆಪ್ಪುಗಟ್ಟಿಸಿ ಅಥವಾ ಒಣಗಿಸಿ ಇಡುತ್ತಾರೆ. ಕೋಶ ಸತ್ತಿರುತ್ತದೆ, ಡಿಎನ್‌ಎ ಅಲ್ಲೇ ಇರುತ್ತದೆ. 50ರ ಗೆರೆ ಹಿಡಿದು ನೋಡಿದರೆ ಇದು ನಪಾಸು. ಆದರೂ ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ, ಉರಿಯೂತ ಕಡಿಮೆಯೂ ಆಗುತ್ತದೆ. ತಾಯಿಯ ದೇಹದೊಳಗೆ ಒಂಬತ್ತು ತಿಂಗಳು ತಕರಾರಿಲ್ಲದೆ ಇರಲು ಹೊಂದಿಕೊಂಡ ಅಂಗಾಂಶ ಅದು. ಸುಟ್ಟ ಗಾಯಕ್ಕೆ ಹೊದಿಸುವ ದಾನದ ಚರ್ಮ ಮತ್ತೊಂದು ಬಗೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ಇಂಥ ಬ್ಯಾಂಕುಗಳಲ್ಲಿ ಗ್ಲಿಸರಾಲಿನಲ್ಲಿಟ್ಟ ಚರ್ಮದಿಂದಲೂ ಕೋಶ ತೆಗೆದಿರುವುದಿಲ್ಲ. ಕೆಲವು ವಾರಗಳಲ್ಲಿ ದೇಹ ಅದನ್ನು ಕಳಚುತ್ತದೆ, ಅಷ್ಟರಲ್ಲಿ ರೋಗಿಯ ಜೀವ ಉಳಿದಿರುತ್ತದೆ. ಕಾರ್ನಿಯಾದ ವಿಷಯದಲ್ಲಂತೂ ಕೋಶ ಜೀವಂತ ಇರಬೇಕೆಂದೇ ಒದ್ದಾಡುತ್ತಾರೆ. ಎಲ್ಲಕ್ಕೂ ಒಂದೇ ಅಂಕಿ ಹಚ್ಚಲು ಹೋದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಡಿಎನ್‌ಎ ಅಂಕಿ ಕಡಿಮೆ ಇದ್ದರೆ ಅಂಗಾಂಶ ಸುರಕ್ಷಿತ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಅಂಗಾಂಶ ಕಸಿಯ ಇತಿಹಾಸದ ದೊಡ್ಡ ದುರಂತಗಳಲ್ಲಿ ಒಂದು ಮಿದುಳಿನ ಹೊದಿಕೆಯದ್ದು. ಶವಗಳಿಂದ ತೆಗೆದು ಸಂಸ್ಕರಿಸಿದ ಆ ಪೊರೆಯಿಂದ ಕ್ರಾಯ್ಟ್ಸ್‌ಫೆಲ್ಡ್-ಯಾಕೋಬ್ ಎಂಬ ಮಿದುಳಿನ ಮಾರಕ ರೋಗ ಹರಡಿತು. ಮೊದಲ ಪ್ರಕರಣ ಬೆಳಕಿಗೆ ಬಂದದ್ದು 1987ರಲ್ಲಿ, ಜಪಾನಿನಲ್ಲೇ ನೂರಕ್ಕೂ ಹೆಚ್ಚು ಜನ ಬಲಿಯಾದರು. ಆ ರೋಗ ತರುವ ಪ್ರಿಯಾನ್ ಬರೀ ಪ್ರೋಟೀನು. ಅದಕ್ಕೆ ಡಿಎನ್‌ಎಯೂ ಇಲ್ಲ, ಆರ್‌ಎನ್‌ಎಯೂ ಇಲ್ಲ. ಡಿಎನ್‌ಎ ಸೊನ್ನೆಗೆ ಇಳಿಸಿದ್ದರೂ ಅದು ದಾಟಿ ಬರುತ್ತಿತ್ತು. ಇನ್ನೊಂದು 2021ರದ್ದು. ಅಮೆರಿಕದಲ್ಲಿ ಒಬ್ಬನೇ ದಾನಿಯಿಂದ ತಯಾರಾದ, ಜೀವಂತ ಕೋಶಗಳಿದ್ದ ಮೂಳೆ ಉತ್ಪನ್ನವನ್ನು ನೂರಕ್ಕೂ ಹೆಚ್ಚು ಜನರಿಗೆ ಹಾಕಿದ್ದರು. ಅದರಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇತ್ತು. ಕೋಶ ಜೀವಂತ ಇರಬೇಕೆಂದರೆ ಗಾಮಾ ಹಾಯಿಸುವಂತಿಲ್ಲ, ಗಟ್ಟಿಯಾಗಿ ತೊಳೆಯುವಂತಿಲ್ಲ. ಕ್ಷಯ ಇಷ್ಟೊಂದಿರುವ ನಮ್ಮ ದೇಶದಲ್ಲಿ ಈ ಪ್ರಕರಣ ಡಿಎನ್‌ಎ ಚರ್ಚೆಗಿಂತ ಹೆಚ್ಚು ನಿದ್ದೆ ಕೆಡಿಸಬೇಕಾದದ್ದು.

ಇದರ ಉಲ್ಟಾವೂ ಇದೆ. ಸತ್ತ ವೈರಸ್ಸಿನ ಅವಶೇಷವನ್ನೂ ಜೀನಿನ ಚೂರು ಹುಡುಕುವ ಪಿಸಿಆರ್ ಪರೀಕ್ಷೆ ಹಿಡಿಯುತ್ತದೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆ, ಆಮೇಲೆ ಎಲ್ಲ ಕಡೆ ಕೋವಿಡ್ಡಿಗೆ ಆರ್‌ಟಿಪಿಸಿಆರ್ ಮಾಡಿಸಿದವರಿಗೆ ಇದು ಹೊಸತಲ್ಲ. ಕೋವಿಡ್ ಗುಣವಾಗಿ ವಾರಗಳಾದ ಮೇಲೂ ಪಾಸಿಟಿವ್ ಬರುತ್ತಿತ್ತಲ್ಲ. ದಾನದ ಅಂಗಾಂಶದಲ್ಲಿ ರೋಗಾಣುವಿನ ಜೀನು ಸಿಕ್ಕರೆ ಅದು ಬದುಕಿದೆ ಎಂದಲ್ಲ.

ಕೋವಿಡ್ ಹೆಸರು ಬಂದ ಮೇಲೆ ವಾಟ್ಸ್ಯಾಪ್ ಬಿಡುವುದಿಲ್ಲ. "ಲಸಿಕೆಗೆ ಡಿಎನ್‌ಎ ಮಿತಿ 10 ನ್ಯಾನೋಗ್ರಾಂ, ಇಲ್ಲಿ ಸಾವಿರಾರು ಪಟ್ಟು!" ಎಂಬಂಥ ಮಾತು ಹರಿದಾಡುವುದು ಸುಲಭ, ಯಾಕೆಂದರೆ ಅಂಕಿ ನಿಜ. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ಒಂದು ಡೋಸಿಗೆ 10 ನ್ಯಾನೋಗ್ರಾಂ ಎನ್ನುತ್ತದೆ. ಮಿಲಿಗ್ರಾಂಗೆ 50ರಂತೆ ಒಂದು ಗ್ರಾಂ ಒಣ ಕಸಿಯಲ್ಲಿ 50,000 ನ್ಯಾನೋಗ್ರಾಂ ಇರಬಹುದು. ಆದರೆ ಲಸಿಕೆಯ ಆ ಮಿತಿ ಬಂದದ್ದು ಲ್ಯಾಬಿನಲ್ಲಿ ಕೊನೆಯಿಲ್ಲದೆ ಬೆಳೆಯುವ, ಕ್ಯಾನ್ಸರ್ ಗುಣ ಇರಬಹುದಾದ ಕೋಶಗಳಲ್ಲಿ ತಯಾರಿಸಿದ ಲಸಿಕೆಗಳಿಗಾಗಿ. ಅವನ್ನು ಕೋಟ್ಯಂತರ ಆರೋಗ್ಯವಂತರಿಗೆ ಕೊಡುತ್ತಾರೆ, ಹಾಗಾಗಿ ಮಿತಿ ಬಿಗಿ. ಪರೀಕ್ಷೆ ಮಾಡಿದ ದಾನಿಯ ಮಾಮೂಲಿ ಚರ್ಮ, ಮೂಳೆಯ ಕೋಶಗಳ ಕಥೆ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸುಮ್ನೆ ಹೆದರಿಸಲು.

ಕಾನೂನು ಏನನ್ನುತ್ತದೆ? ಅಮೆರಿಕದಲ್ಲಿ ಮನುಷ್ಯ ಅಂಗಾಂಶದ ನಿಯಮಗಳು ಮುಖ್ಯವಾಗಿ ದಾನಿಯ ತಪಾಸಣೆ, ಸೋಂಕು ತಡೆಗಟ್ಟುವುದರ ಸುತ್ತ ಇವೆ. ಅವುಗಳಲ್ಲಿ ಉಳಿದ ಡಿಎನ್‌ಎಗೆ ಇಂತಿಷ್ಟೆಂಬ ಮಿತಿ ಇಲ್ಲ. ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಗೆ 2011ರ ತಿದ್ದುಪಡಿಯಲ್ಲಿ ಅಂಗಾಂಶಗಳೂ ಸೇರಿದವು, 2014ರಲ್ಲಿ ನಿಯಮ ಬಂತು, ಅಂಗಾಂಶ ಬ್ಯಾಂಕ್ ನೋಂದಣಿ ಮಾಡಿಸಲೇಬೇಕು. ಪ್ರಾಣಿ ಅಂಗಾಂಶದಿಂದ ಮಾಡಿ ಮೈಯೊಳಗೆ ಹಾಕುವ ವಸ್ತುಗಳು 2017ರ ವೈದ್ಯಕೀಯ ಸಾಧನ ನಿಯಮದಲ್ಲಿ ಅತಿ ಹೆಚ್ಚು ಅಪಾಯದ ಡಿ ವರ್ಗಕ್ಕೆ ಬರುತ್ತವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಕೋಶ ತೆಗೆದು ತಯಾರಿಸಿದ ಗಾಯದ ಪಟ್ಟಿಗೆ 2023ರಲ್ಲಿ ಅನುಮತಿ ಸಿಕ್ಕದ್ದು ಈ ವರ್ಗದಲ್ಲೇ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಪೊರೆ, ಮೂಳೆಗಳನ್ನು ಗಾಮಾ ಹಾಯಿಸಿ ಕೊಡುತ್ತಿದೆ. ಅಂದರೆ ತಂತ್ರ, ಅನುಭವ ಎರಡೂ ದೇಶದಲ್ಲಿವೆ. ನಾನು ಕೇಳುವುದಿಷ್ಟೇ: ತಯಾರಿಸುವವರು ಅಳೆದ ಡಿಎನ್‌ಎ ಅಂಕಿ, ತೊಳೆದ ವಿಧಾನ, ಮೂಲ ಯಾವುದು, ಇವನ್ನು ಪ್ಯಾಕಿನ ಮೇಲೆ ಹಾಕಲು ಏನು ಕಷ್ಟ? ಲ್ಯಾಬಿನವರ ಬಳಿ ಅಂಕಿ ಹೇಗೂ ಇರುತ್ತದೆ.

ಮೂಲದ ಪ್ರಶ್ನೆ ನಮ್ಮ ಕಡೆ ಚಿಕ್ಕದಲ್ಲ. ಭಟ್ಕಳದ ಮುಸ್ಲಿಂ ಕುಟುಂಬಕ್ಕೆ ಹಂದಿಯದ್ದು, ಸಿರ್ಸಿಯ ಹವ್ಯಕ ಕುಟುಂಬಕ್ಕೆ ದನದ್ದು ಎಂದು ಆಪರೇಷನ್ ಆದ ಮೇಲೆ ಗೊತ್ತಾದರೆ ಮನಸ್ಸಿಗೆ ಆಗುವ ಗಾಯವನ್ನು ಯಾವ ಪಟ್ಟಿಯೂ ಮುಚ್ಚುವುದಿಲ್ಲ. "ಡಿಎನ್‌ಎ ಎಲ್ಲ ತೆಗೆದಿದ್ದೇವೆ, ಈಗ ಅದು ಹಂದಿಯದ್ದಲ್ಲ" ಎಂಬ ಸಮಜಾಯಿಷಿ ಒಪ್ಪುವಂಥದ್ದಲ್ಲ. ಕೊಲಾಜೆನ್ ಹಂದಿಯದ್ದೇ. ಒಪ್ಪುವುದು ಬಿಡುವುದು ರೋಗಿಗೆ ಬಿಟ್ಟದ್ದು, ಮೊದಲೇ ಹೇಳುವುದು ವೈದ್ಯರ ಕೆಲಸ. ಅನೇಕ ಸಲ ಬೇರೆ ಆಯ್ಕೆ ಇರುತ್ತದೆ: ಸ್ವಂತ ಮೂಳೆ, ಕೃತಕ ಖನಿಜ, ಮನುಷ್ಯ ದಾನಿಯದ್ದು.

ದಾನಿಯ ಗುಟ್ಟಿನ ಪ್ರಶ್ನೆಯೂ ಬರುತ್ತದೆ. ವ್ಯಕ್ತಿ ಗುರುತಿಸುವ ಪರೀಕ್ಷೆಗೆ 100ರಿಂದ 450 ಅಕ್ಷರದ ತುಂಡುಗಳು ಸಾಕು, ಹಾಗಾಗಿ ಹಗುರವಾಗಿ ತೊಳೆದ ಮೂಳೆಯಿಂದ ದಾನಿಯ ಗುರುತು ಹೊರಬರುವುದು ಅಸಾಧ್ಯವಲ್ಲ. ರೋಗಿಯ ಮೂಳೆ ಕಸಿಯನ್ನು ನಿಧಾನಕ್ಕೆ ತಿಂದು ತನ್ನದಾಗಿಸಿಕೊಂಡಂತೆ ಆ ಡಿಎನ್‌ಎಯೂ ಹೋಗುತ್ತದೆ, ದೊಡ್ಡ ತುಂಡಾದರೆ ಒಳಭಾಗ ವರ್ಷಗಟ್ಟಲೆ ಉಳಿಯಬಹುದು. ಗುರುತು ಪರೀಕ್ಷೆ ಮಾಡುವವರು ಕಸಿಯಿದ್ದ ಜಾಗ ಬಿಟ್ಟು ಬೇರೆ ಮೂಳೆ, ಹಲ್ಲು ತೆಗೆದುಕೊಂಡರೆ ಮುಗಿಯಿತು. ಆದರೆ ಕಸಿ ಇದೆ ಎಂದು ಅವರಿಗೆ ತಿಳಿಯಬೇಕಲ್ಲ?

ಅಲ್ಲಿಗೆ ಮಾತು ಕಾಗದಪತ್ರಕ್ಕೆ ಬಂತು. ಉತ್ತರ ಕನ್ನಡದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಕಾರವಾರದವರು ಗೋವಾಕ್ಕೆ, ಹೊನ್ನಾವರ-ಭಟ್ಕಳದವರು ಮಣಿಪಾಲ ಅಥವಾ ಮಂಗಳೂರಿಗೆ, ಘಟ್ಟದವರು ಹುಬ್ಬಳ್ಳಿಗೆ. ಕಸಿ ಒಂದು ಊರಲ್ಲಿ, ಹೊಲಿಗೆ ಬಿಚ್ಚುವುದು ಇನ್ನೊಂದು ಊರಲ್ಲಿ, ಜ್ವರ ಬಂದರೆ ಮನೆ ಹತ್ತಿರದ ಡಾಕ್ಟರು. ನಾನು ನೋಡಿದ ಡಿಸ್ಚಾರ್ಜ್ ಕಾಗದಗಳಲ್ಲಿ "ಬೋನ್ ಗ್ರಾಫ್ಟ್ ಹಾಕಲಾಗಿದೆ" ಎಂಬಷ್ಟೇ ಇರುತ್ತದೆ. ಯಾರ ಮೂಳೆ, ಯಾವ ಬ್ಯಾಂಕು, ಯಾವ ಲಾಟ್ (ಒಟ್ಟಿಗೆ ತಯಾರಾದ ಗುಂಪು), ಏನೂ ಇಲ್ಲ. ಅಮೆರಿಕದ ಕ್ಷಯದ ಪ್ರಕರಣದಲ್ಲಿ ರೋಗಿಗಳನ್ನು ಒಬ್ಬೊಬ್ಬರಾಗಿ ಹುಡುಕಿ ಔಷಧಿ ಶುರುಮಾಡಲು ಆದದ್ದು ಲಾಟ್ ನಂಬರಿನಿಂದ. ನಮ್ಮಲ್ಲಿ ಹಾಗಾದರೆ ಕುಮಟಾದ ಡಾಕ್ಟರಿಗೆ ಸುದ್ದಿ ತಲುಪುವ ದಾರಿಯೇ ಇಲ್ಲ. ಇಂಥ ಪ್ಯಾಕುಗಳ ಜೊತೆ ಸಾಮಾನ್ಯವಾಗಿ ಲಾಟ್ ನಂಬರಿನ ಕಿತ್ತು ಅಂಟಿಸುವ ಸ್ಟಿಕ್ಕರುಗಳು ಒಂದೆರಡು ಹೆಚ್ಚಿಗೇ ಇರುತ್ತವೆ. ಒಂದು ಆಸ್ಪತ್ರೆಯ ರಿಜಿಸ್ಟರಿಗೆ, ಇನ್ನೊಂದು ರೋಗಿಯ ಫೈಲಿಗೆ. ಆಪರೇಷನ್ನಿನ ಮುಂಚೆಯೇ ಸಿಸ್ಟರ್ ಹತ್ತಿರ ಹೇಳಿಡಿ, ಆಮೇಲೆ ಕೇಳಿದರೆ ಪ್ಯಾಕು ಕಸದ ಬುಟ್ಟಿ ಸೇರಿರುತ್ತದೆ.